ಹೊತ್ತು ಮುಳುಗುವ ಮೊದಲಿನ ಊಟ

ಸಂಜೆಯೂಟಕ್ಕೆ ಎರಡು ಮಣೆ ಹಾಕುವುದು ವಿಜಯಲಕ್ಷ್ಮಿಯ ಕೈಗೆ ಅಂಟಿದ ಅಭ್ಯಾಸ. ಒಂದು ತನಗೆ, ಒಂದು ಮೊಮ್ಮಗಳು ಜಿನಶ್ರೀಗೆ. ಹುಡುಗಿಗೆ ಹಾಲುಹಲ್ಲು ಬಂದಾಗಿನಿಂದ ಇಬ್ಬರೂ ಅಡುಗೆಮನೆಯ ಪಡುವಣ ಕಿಟಕಿಯ ಕೆಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡವರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವ ಹಾಗಿಲ್ಲ. ಮಗ ದೇವಕುಮಾರ ತನ್ನ ಪಾತ್ರೆ ಅಂಗಡಿಯಿಂದ ಓಡಿ ಬಂದು, ನಾಲ್ಕು ತುತ್ತು ನುಂಗಿ, ಕೈ ಒರೆಸಿಕೊಳ್ಳುತ್ತಲೇ ಮತ್ತೆ ಓಡುವವನು. ಸೊಸೆ ಸಮತಾ ಎಲ್ಲರಿಗೂ ಬಡಿಸಿ, ಒಲೆಕಟ್ಟೆಯ ಪಕ್ಕದಲ್ಲೇ ತನ್ನದನ್ನು ಮುಗಿಸುವವಳು. ಕೂತು, ಮಾತಾಡಿ, ನಗಾಡಿ ಉಣ್ಣುತ್ತಿದ್ದವರೆಂದರೆ ಅಜ್ಜಿ ಮೊಮ್ಮಗಳು ಇಬ್ಬರೇ.

ದಸರಾ ರಜೆ ಮುಗಿದದ್ದೇ ತಡ, ಹೊಸನಗರದ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರಿಗೆ ಸ್ಪೆಷಲ್ ಕ್ಲಾಸು ಶುರುವಾಯಿತು. ಬಸ್ಸು ಹುಂಚದ ರಸ್ತೆ ಹಿಡಿದು ಇವರ ಊರಿನ ಕ್ರಾಸಿಗೆ ಬರುವಾಗ ಕತ್ತಲು. ಹೊತ್ತೇನು ಇವಳಿಗೆ ಕಾಯುತ್ತದೆಯೇ? ದೀಪಾವಳಿ ಹತ್ತಿರ ಬಂದ ಹಾಗೆ ಅದೂ ದಿನದಿಂದ ದಿನಕ್ಕೆ ಬೇಗ ಮನೆಗೆ ಹೊರಟಿತು. ವಿಜಯಲಕ್ಷ್ಮಿ ಮಾತ್ರ ಎರಡು ಮಣೆ ಹಾಕುವುದನ್ನು ಬಿಡಲಿಲ್ಲ. ಖಾಲಿ ಮಣೆಯನ್ನು ನೋಡಿಕೊಂಡು ಉಂಡ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ತಡವಾಗಿ ಬಂದ ಮೊದಲ ದಿನ ಜಿನಶ್ರೀ ಚಪ್ಪಲಿ ಬಿಡುವ ಮೊದಲೇ ಸಮತಾ ಕೇಳಿದ್ದಳು. "ಊಟ ಎಂಥ ಮಾಡ್ತೀಯೆ? ಅನ್ನ ಮುಚ್ಚಿಟ್ಟಿದೀನಿ."

ಹುಡುಗಿ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮುಖ ನೋಡಿದಳು. "ಬೇಡಮ್ಮ. ನಾನೂ ಅಜ್ಜಿ ಹಾಗೆ ರಾತ್ರಿ ಉಣ್ಣಲ್ಲ."

ಅಯ್ಯೋ, ಆ ಒಂದು ಮಾತಿಗೆ ವಿಜಯಲಕ್ಷ್ಮಿ ಎಷ್ಟು ಉಬ್ಬಿಹೋದಳೆಂದರೆ! ಆಗ ಊರಿನ ಬಸದಿಯಲ್ಲಿ ಚಾತುರ್ಮಾಸಕ್ಕೆ ಕೂತಿದ್ದ ಮಾತಾಜಿ ಒಬ್ಬರಿದ್ದರು, ಬಿಳಿ ಸೀರೆಯ ಸನ್ಯಾಸಿನಿ. ಮಾರನೇ ಬೆಳಿಗ್ಗೆಯೇ ಅವರ ಮುಂದೆ ಹೋಗಿ ಹೇಳಿದಳು. ಭಾನುವಾರ ಹುಡುಗಿಯನ್ನೂ ಕರೆದುಕೊಂಡು ಹೋದಳು. ಮಾತಾಜಿ ನವಿಲುಗರಿಯ ಪಿಂಛಿಯಿಂದ ತಲೆ ಮುಟ್ಟಿ ಹರಸಿದರು. ಹೆಂಗಸರೆಲ್ಲ ಗಲ್ಲ ಹಿಡಿದು, "ಈ ಕಾಲದಲ್ಲಿ ಇಂಥ ಮಗು!" ಎಂದರು. ಜಿನಶ್ರೀ ನೆಲ ನೋಡುತ್ತಾ ನಿಂತಿದ್ದಳು. ಅದು ನಾಚಿಕೆ ಎಂದುಕೊಂಡಳು ವಿಜಯಲಕ್ಷ್ಮಿ.

ಕೆಲವು ವಾರ ಕಳೆಯುವಷ್ಟರಲ್ಲಿ ಹುಡುಗಿ ಬೆಳ್ಳಗಾದಳು. ಕೆನ್ನೆಯ ಕೆಂಪು ಹೋಯಿತು, ತುಟಿಯೂ ಬಿಳಿಚಿತು.

"ಅತ್ತೆ, ಮಗು ಸೊರಗ್ತಾ ಇದೆ" ಎಂದಳು ಸಮತಾ, ಅಕ್ಕಿ ತೊಳೆಯುತ್ತಾ.

"ಸೊರಗೋದಲ್ಲ ಮಾರಾಯ್ತಿ, ಅದು ವ್ರತದ ಕಳೆ. ನಿಂಗೆ ಗೊತ್ತಾಗಲ್ಲ."

"ಕಳೆ ಬಂದವಳು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾಳಾ?"

"ಬಾಯಿ ಮುಚ್ಚು. ಒಳ್ಳೇದಕ್ಕೆ ದೃಷ್ಟಿ ಹಾಕ್ಬೇಡ."

ಸಮತಾ ಬಾಯಿ ಮುಚ್ಚಿದಳು, ಪಾತ್ರೆಗಳು ಮಾತಾಡಿದವು.

ಇತ್ತ ಶಾಲೆಯಲ್ಲಿ ವಿಜ್ಞಾನ ಹೇಳುವ ವಿನಯಾ ಟೀಚರು ಶನಿವಾರ ಶನಿವಾರ ಹೆಣ್ಣುಮಕ್ಕಳಿಗೆ ಊಟದ ಪಾಠ ಶುರುಮಾಡಿದ್ದರು. ಯಾವುದು ತಿಂದರೆ ರಕ್ತ ಆಗುತ್ತದೆ, ಊಟದ ಜೊತೆಗೆ ಚಾ ಕುಡಿದರೆ ಏನಾಗುತ್ತದೆ, ಕಬ್ಬಿಣದ ಮಾತ್ರೆಯನ್ನು ಬರಿಹೊಟ್ಟೆಗೆ ಯಾಕೆ ನುಂಗಬಾರದು, ಇಂಥವು. ಒಂದು ಭಾನುವಾರ ಜಿನಶ್ರೀ ಅದನ್ನು ಮನೆಯಲ್ಲಿ ಹೇಳಿದಳು.

"ಮೊಟ್ಟೆ ತಿನ್ಬೇಕಂತೆ."

"ಹೇಳಿದವರೇ ತಿನ್ಲಿ" ಎಂದಳು ಅಜ್ಜಿ.

"ಬೀಟ್‌ರೂಟು, ಕ್ಯಾರೆಟ್ಟು."

"ನೆಲದೊಳಗಿನ ಗಡ್ಡೆ ನಮಗೆ ಆಗುತ್ತೇನೆ? ಮುಂದೆ ಹೇಳು."

"ನುಗ್ಗೆಸೊಪ್ಪು, ಹೆಸರುಕಾಳು, ರಾಗಿ, ಬೆಲ್ಲ, ನೆಲ್ಲಿಕಾಯಿ."

"ನೋಡು! ಅದೆಲ್ಲ ನಮ್ಮನೇಲಿ ಇಲ್ವಾ?"

"ಇದೆ ಅಜ್ಜಿ. ತಿನ್ನೋ ಹೊತ್ತಿಗೆ ನಾನು ಮನೇಲಿ ಇರ್ಬೇಕಲ್ಲ" ಎಂದು ಹುಡುಗಿ ಎದ್ದುಹೋದಳು. ಆ ಭಾನುವಾರವೂ ಸಂಜೆ ಹೊಟ್ಟೆ ತುಂಬಿದೆ ಎಂದು ಹೇಳಿ ಮಣೆಯ ಮೇಲೆ ಕೂರಲಿಲ್ಲ. ವಿಜಯಲಕ್ಷ್ಮಿಗೆ ಅದು ಚುಚ್ಚಿತು. ಯಾಕೆಂದು ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಟೀಚರು ಮನೆಯವರನ್ನು ಕರೆಸಿದರು. ಅಡುಗೆ ನೋಡಿಕೊಳ್ಳುವವರೇ ಬರಬೇಕಂತೆ. ಸಮತಾಳಿಗೆ ಜ್ವರ. "ನಾನೇ ಹೋಗ್ತೀನಿ, ಮೊಮ್ಮಗಳನ್ನ ಹೊಗಳೋಕೆ ಕರೀತಿದಾರೆ" ಎಂದು ವಿಜಯಲಕ್ಷ್ಮಿ ಜರಿಯಂಚಿನ ಸೀರೆ ಉಟ್ಟು ಹೊರಟಳು.

ಶಾಲೆಯ ಜಗಲಿಯ ನೆಲದಲ್ಲಿ ಸೀಮೆಸುಣ್ಣದಿಂದ ದೊಡ್ಡದೊಂದು ತಟ್ಟೆ ಬರೆದಿದ್ದರು. ಹುಡುಗಿಯರು ಸುತ್ತ ಕೂತಿದ್ದರು, ತಾಯಂದಿರು ಬೆಂಚಿನ ಮೇಲೆ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಎಂದು ಹೇಳುತ್ತಾ, ಬುಟ್ಟಿಯಿಂದ ಅದರ ಕಾಳನ್ನೋ ಸೊಪ್ಪನ್ನೋ ತೆಗೆದು ತಟ್ಟೆಯಲ್ಲಿಡಬೇಕು. ಜಿನಶ್ರೀಯ ಗೆಳತಿ ಭವ್ಯಾ ಕೋಳಿಸಾರಿನಿಂದ ಹಿಡಿದು ಕುರ್‌ಕುರೆಯವರೆಗೆ ಒಂದೂ ಬಿಡದೆ ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಜಿನಶ್ರೀ ಎದ್ದಳು.

"ಬೆಳಿಗ್ಗೆ ಎರಡು ದೋಸೆ. ಮಧ್ಯಾಹ್ನ ಮನೆ ಬುತ್ತಿ, ಅನ್ನ, ಸಾರು."

"ಆಮೇಲೆ?"

"ಅಷ್ಟೇ ಮಿಸ್."

"ರಾತ್ರಿ?"

ಹುಡುಗಿ ಬುಟ್ಟಿಯನ್ನು ಪಕ್ಕದವಳ ಕಡೆ ಸರಿಸಿದಳು. ಇಲ್ಲೇ ತನ್ನ ಸರದಿ ಎಂದುಕೊಂಡು ವಿಜಯಲಕ್ಷ್ಮಿ ಬೆಂಚಿನಿಂದ ಎದ್ದಳು. "ಅವಳು ರಾತ್ರಿ ಉಣ್ಣಲ್ಲ ಟೀಚರೇ. ವ್ರತ ಹಿಡಿದಿದಾಳೆ."

ವಿನಯಾ ಟೀಚರು ನಗಲಿಲ್ಲ, ಬೈಯಲೂ ಇಲ್ಲ. ಎಲ್ಲರೂ ಹೋದ ಮೇಲೆ ಅಜ್ಜಿಯನ್ನು ಪಕ್ಕಕ್ಕೆ ಕರೆದರು. "ಅಮ್ಮಾ, ನಿಮ್ಮ ವ್ರತದ ವಿಷಯಕ್ಕೆ ನಾನು ಬರೋದಿಲ್ಲ. ಇವಳ ರಕ್ತ ಪರೀಕ್ಷೆ ಮಾಡ್ಸಿದ್ವಿ. ಹಿಮೋಗ್ಲೋಬಿನ್ ಹನ್ನೆರಡು ಇರ್ಬೇಕು, ಎಂಟಿದೆ. ಸೋಮವಾರ ಪ್ರಾರ್ಥನೇಲಿ ಬಿದ್ಲು, ಮನೇಲಿ ಹೇಳ್ಬೇಡಿ ಅಂತ ಅತ್ಲು. ಇಲ್ಲಿ ನೋಡಿ." ಜಿನಶ್ರೀಯ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿಂದ ಸ್ವಲ್ಪ ಎಳೆದರು. "ಒಳಗೆ ಕೆಂಪಿರ್ಬೇಕು."

ಒಳಗೆ ಸುಣ್ಣ ಬಳಿದ ಹಾಗಿತ್ತು. ವಿಜಯಲಕ್ಷ್ಮಿ ಅದನ್ನೇ ನೋಡಿದಳು. ಕಳೆ, ಕಳೆ ಎಂದು ಊರೆಲ್ಲ ಹೇಳಿಕೊಂಡು ಬಂದದ್ದು ಇದನ್ನೇ.

"ನಾಲ್ಕೂ ಇಪ್ಪತ್ತಕ್ಕೆ ಸ್ಪೆಷಲ್ ಕ್ಲಾಸಿಗೆ ಮೊದ್ಲು ಸ್ವಲ್ಪ ಬಿಡುವು ಇದೆ" ಎಂದರು ಟೀಚರು. "ಹೊತ್ತಿರುತ್ತಲ್ಲ ಆಗ? ಅಷ್ಟರೊಳಗೆ ಒಂದೂಟ ಆದ್ರೂ ಆಗ್ಲಿ."

ಹಿಂದಿರುಗುವ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳ ಪಕ್ಕಕ್ಕೆ ಸರಿದು ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು. "ರಾತ್ರಿ ಹಸಿವಾಗುತ್ತಾ ಕೂಸೇ?"

"ಆಗುತ್ತೆ."

"ಮತ್ತೆ ಬಾಯಿಬಿಟ್ಟು ಹೇಳೋದಲ್ವಾ?"

"ಹೇಗೆ ಹೇಳ್ಲಿ? ಬಸದೀಲಿ ಎಲ್ರ ಹತ್ರ ಹೇಳಿ ಬಂದಿದ್ದೆ ನೀನು."

"ಮೊದ್ಲು ನೀನೇ ಅಲ್ವೇನೆ, ರಾತ್ರಿ ಉಣ್ಣಲ್ಲ ಅಂದಿದ್ದು?"

ಜಿನಶ್ರೀ ಕಿಟಕಿಯ ಕಡೆ ತಿರುಗಿದಳು. "ಅವತ್ತು ನೀನು ಬಾಗಿಲಲ್ಲಿ ಅಳೋ ಮುಖ ಮಾಡ್ಕೊಂಡು ನಿಂತಿದ್ದೆ. ನಿನ್ ಬಿಟ್ಟು ಉಣ್ಣೋಕೆ ನಂಗೆ ಬೇಜಾರಾಯ್ತು. ಅಷ್ಟೇ."

ವಿಜಯಲಕ್ಷ್ಮಿಗೆ ಈಗ ತಿಳಿಯಿತು. ಮೊಮ್ಮಗಳು ಉಪವಾಸ ಹಿಡಿದದ್ದು ಧರ್ಮಕ್ಕಲ್ಲ, ತನ್ನ ಮುಖಕ್ಕೆ.

ಆ ರಾತ್ರಿ ಮನೆಯಲ್ಲಿ ಜಗಳ ಹೊತ್ತಿಕೊಂಡಿತು. ದೇವಕುಮಾರ ಅಂಗಡಿ ಬೇಗ ಮುಚ್ಚಿ ಬಂದಿದ್ದ.

"ಇವತ್ತಿಂದ ಅವಳು ರಾತ್ರಿ ಉಣ್ತಾಳೆ. ಮಾತು ಮುಗೀತು."

"ಈ ಮನೇಲಿ ಹೊತ್ತು ಮುಳುಗಿದ ಮೇಲೆ ಒಲೆ ಹತ್ತಿದ್ದಿಲ್ಲ ದೇವೂ."

"ಅಮ್ಮ, ನೀನು ಉಣ್ಬೇಡ. ನಿನ್ನನ್ಯಾರು ಉಣ್ಣು ಅಂದ್ರು?"

"ಮಾಡೋದು, ಮಾಡ್ಸೋದು, ಮಾಡಿದ್ದಕ್ಕೆ ಹೂಂ ಅನ್ನೋದು, ಮೂರೂ ಒಂದೇ ಕಣೋ. ನಿನ್ನಪ್ಪ ತೀರಿಹೋದ ವರ್ಷ ನಾನು ಮುನಿಗಳ ಮುಂದೆ ಕೈಮುಗಿದು ತಗೊಂಡ ನೇಮ ಇದು. ನಾನು ಬಡಿಸೋಹಾಗೂ ಇಲ್ಲ, ನೋಡ್ತಾ ಕೂರೋಹಾಗೂ ಇಲ್ಲ."

ಜ್ವರದಲ್ಲಿ ಕಂಬಳಿ ಹೊದ್ದು ಕೂತಿದ್ದ ಸಮತಾ ಎದ್ದಳು. ಅತ್ತೆಯ ಮುಂದೆ ಎಂದೂ ದನಿ ಏರಿಸಿದವಳಲ್ಲ. "ಹಸಿದ ಮಗೂನ ನೋಡ್ತಾ ಕೂತಿದ್ವಲ್ಲ ಅತ್ತೆ, ಇಷ್ಟು ದಿನ? ಅದು ಆ ಮೂರರಲ್ಲಿ ಯಾವುದಕ್ಕೆ ಸೇರುತ್ತೆ?" ಎಂದವಳೇ ಗ್ಯಾಸ್ ಹಚ್ಚಿದಳು.

ವಿಜಯಲಕ್ಷ್ಮಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ದೀಪವನ್ನೂ ಹಾಕಲಿಲ್ಲ. ತಟ್ಟೆ ಇಟ್ಟ ಸದ್ದು ಕೇಳಿಸಿತು, ಅನ್ನ ಬಡಿಸಿದ ಸದ್ದು ಕೇಳಿಸಿತು. ಹುಡುಗಿ ಉಂಡ ಸದ್ದು ಮಾತ್ರ ಇಲ್ಲ. ಸ್ವಲ್ಪ ಹೊತ್ತಿಗೆ ಸಮತಾಳ ದನಿ. "ಎರಡೇ ತುತ್ತಿಗೆ ಕೈ ತೊಳೆದ್ಯಲ್ಲೇ!"

"ಸೇರಲ್ಲಮ್ಮ. ಅಜ್ಜಿ ಕತ್ತಲಲ್ಲಿ ಕೂತಿದಾಳೆ."

ದಿನವೂ ಇದೇ ಆಯಿತು. ಅಜ್ಜಿ ಸಂಜೆ ಒಬ್ಬಳೇ ಉಂಡಳು, ಮೊಮ್ಮಗಳು ರಾತ್ರಿ ಒಬ್ಬಳೇ ಉಂಡ ಶಾಸ್ತ್ರ ಮಾಡಿದಳು. ಟೀಚರು ಹೇಳಿದ ಹಾಗೆ ಸಮತಾ ಸಂಜೆಗೆಂದು ಇನ್ನೊಂದು ಡಬ್ಬಿ ಕಟ್ಟಿಕೊಟ್ಟಳು. ಅದು ಅರ್ಧಕ್ಕರ್ಧ ತುಂಬಿಯೇ ವಾಪಸ್ಸು ಬಂತು.

"ಎಂಥಕ್ಕೆ ತಿಂದಿಲ್ಲ?"

"ಎಲ್ರೂ ಪಫ್ಸ್ ತಿನ್ನೋಕೆ ಬೇಕರಿಗೆ ಹೋಗ್ತಾರೆ. ಖಾಲಿ ಕ್ಲಾಸಲ್ಲಿ ಒಬ್ಳೇ ಕೂತು ಅನ್ನ ತಿನ್ನೋಕೆ ಆಗುತ್ತಾ? ಒಬ್ಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲಮ್ಮ."

ಕಿಟಕಿಯ ಕೆಳಗೆ ಅಕ್ಕಿ ಆರಿಸುತ್ತಿದ್ದ ವಿಜಯಲಕ್ಷ್ಮಿಯ ಕೈ ನಿಂತಿತು. ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವುದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವಳು ಅಟ್ಟದಿಂದ ಹಿತ್ತಾಳೆಯ ಬುತ್ತಿ ಕ್ಯಾರಿಯರ್ ಇಳಿಸಿದಳು.

"ಇದೆಂಥಕ್ಕೆ ಅತ್ತೆ?"

"ಹೊಸನಗರಕ್ಕೆ. ಅವಳ ಬಿಡುವಿಗೆ ನಾನೇ ಹೋಗ್ತೀನಿ. ಇಬ್ರೂ ಕೂತು ಉಂಡು ಬರ್ತೀವಿ."

ಸಮತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೊರಗೆ ಹೋದ್ರೆ ನೀವು ನೀರು ಸಹ ಕುಡಿಯಲ್ಲ!"

"ಅನ್ನ ನಮ್ಮದು, ನೀರು ನಮ್ಮದು, ಮೊಮ್ಮಗಳು ನಮ್ಮವಳು. ಕೂರೋ ಜಾಗ ಒಂದು ಅವರದ್ದು, ಅದಕ್ಕೆಂಥ ಆಗ್ಬೇಕು?"

"ಹಾಗಾದ್ರೆ ಬೆಳಿಗ್ಗೆ ಮಾಡಿದ್ದನ್ನೇ ತುಂಬಿಸಿ. ಮೂರು ಗಂಟೆ ಬಸ್ಸು ತಪ್ಪಿದ್ರೆ ಮತ್ತೆ ಸಿಗಲ್ಲ."

"ಬೆಳಗಿನ ತಂಗಳು ತಿನ್ಸೋಕೆ ಅಲ್ಲೀವರೆಗೆ ಹೋಗ್ಬೇಕಾ ನಾನು?"

ಹಟ ಎಂದರೆ ಹಟ. ಮಳೆಗಾಲದ ನಾಲ್ಕು ತಿಂಗಳು, ಸೊಪ್ಪಿಗೆ ಹುಳ ಬೀಳುತ್ತದೆಂದು ಆ ಮನೆಯಲ್ಲಿ ಸೊಪ್ಪು ಬಿಟ್ಟಿದ್ದರು. ಈಗ ಹಿತ್ತಲ ನುಗ್ಗೆ ಚಿಗುರಿತ್ತು. ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ಬಿಡಿಸಿದಳು. ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿದಳು. ಹೆಸರುಕಾಳು ಬೇಯಿಸಿ ನುಗ್ಗೆಸೊಪ್ಪಿನ ಪಲ್ಯ, ಅಕ್ಕಿರೊಟ್ಟಿ, ಮೇಲೊಂದು ನೆಲ್ಲಿಕಾಯಿ ಗೊಜ್ಜು. ಎರಡು ಜನಕ್ಕೆ ಸರಿಯಾಗಿ ಕ್ಯಾರಿಯರಿಗೆ ತುಂಬಿ, ತಂಬಿಗೆಗೆ ನೀರು ಹಾಕಿ ಕ್ರಾಸಿಗೆ ಬರುವಾಗ ಮೂರು ಗಂಟೆಯ ಬಸ್ಸು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಕೈ ಬೀಸಿದಳು, ಕೂಗಿದಳು. ಯಾರಿಗೆ ಕೇಳಬೇಕು?

ಮುಂದಿನ ಬಸ್ಸು ಬಂದದ್ದು ನಾಲ್ಕೂವರೆ ದಾಟಿದ ಮೇಲೆ. ಅದೂ ಎಂಥ ಬಸ್ಸು! ಯಾರು ಕೈ ತೋರಿಸಿದರೂ ನಿಲ್ಲುವುದು. ಒಂದು ಕಡೆ ಹಾಲಿನ ಕ್ಯಾನು, ಇನ್ನೊಂದು ಕಡೆ ಹಿಂಡಿಯ ಮೂಟೆ. ವಿಜಯಲಕ್ಷ್ಮಿ ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡು ಪಡುವಣ ಕಿಟಕಿಯ ಕಡೆಯೇ ಕೂತಳು. ಹೊತ್ತು ಮರದ ತುದಿಗೆ ಬಂತು. ಮರದ ಸಂದಿಗೆ ಬಂತು.

"ಸ್ವಲ್ಪ ಬೇಗ ಓಡಿಸಿ ಮಾರಾಯ್ರೆ!"

"ಎಂಥ ಅಜ್ಜಿ, ಯಾರಿಗಾದ್ರೂ ಹುಷಾರಿಲ್ವಾ?" ಕಂಡಕ್ಟರ್ ಸುಬ್ಬಪ್ಪ ಕೇಳಿದ.

"ಹೊತ್ತು ಮುಳುಗುತ್ತಪ್ಪ."

ಸುಬ್ಬಪ್ಪ ನಕ್ಕ. "ನಿಮ್ಮ ಕ್ರಾಸಿನಲ್ಲಿ ಇಳಿಯೋ ಜೈನರ ಹುಡುಗಿ ನಿಮ್ಮ ಮೊಮ್ಮಗಳಲ್ವಾ? ಅವಳೂ ದಿನಾ ಹೀಗೇ. ಹೊತ್ತು ಮುಳುಗೋ ಕಡೆ ಸೀಟೇ ಬೇಕು, ಕಿಟಕಿ ನೋಡ್ಕೊಂಡೇ ಕೂರ್ತಾಳೆ. ಹೊತ್ತು ಮುಳುಗಿತೋ, ತಲೆ ತಗ್ಗಿಸಿ ಮಲಗಿಬಿಡ್ತಾಳೆ."

ವಿಜಯಲಕ್ಷ್ಮಿ ಕ್ಯಾರಿಯರನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಹೊಟ್ಟೆ ಆಗಲೇ ಚುರುಗುಟ್ಟುತ್ತಿತ್ತು. ತಾನು ಮನೆಯಲ್ಲಿ ಕಿಟಕಿಯ ಕೆಳಗೆ ಕೂತು ಖಾಲಿ ಮಣೆಗೆ ಕೊರಗಿದ ಹೊತ್ತಿಗೆ, ಈ ಬಸ್ಸಿನಲ್ಲಿ ಹುಡುಗಿ ಅದೇ ಹೊತ್ತನ್ನು ನೋಡಿ ಆಸೆಪಟ್ಟಿದ್ದಾಳೆ. ಹೀಗೆ ದಿನವೂ. ಅವಳ ಕಣ್ಣು ಮಂಜಾಯಿತು, ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ದಿನಕ್ಕಿಂತ ತಡವಾಗಿ ಬಸ್ಸು ಹೊಸನಗರ ಮುಟ್ಟಿದಾಗ ಕ್ಲಾಸು ಮುಗಿದು ಹುಡುಗಿಯರು ಬಸ್‌ಸ್ಟ್ಯಾಂಡಿಗೆ ಬಂದಾಗಿತ್ತು. ಆಕಾಶದಲ್ಲಿ ಕೆಂಪು ಉಳಿದಿತ್ತು, ಹೊತ್ತು ಉಳಿದಿರಲಿಲ್ಲ.

"ಅಜ್ಜೀ!" ಜಿನಶ್ರೀ ಓಡಿ ಬಂದಳು. "ಒಬ್ಳೇ ಬಂದ್ಯಾ? ಮನೇಲಿ ಎಂಥ ಆಯ್ತು?"

"ಎಂಥದೂ ಆಗಿಲ್ಲ. ನಿನ್ ಜೊತೆ ಉಣ್ಣೋಣ ಅಂತ ಬಂದೆ ಕೂಸೇ." ಅಜ್ಜಿ ಕ್ಯಾರಿಯರ್ ಎತ್ತಿ ತೋರಿಸಿದಳು. "ತಡ ಆಗ್ಹೋಯ್ತು."

ಜಿನಶ್ರೀ ಕ್ಯಾರಿಯರ್ ನೋಡಿದಳು, ಆಕಾಶ ನೋಡಿದಳು. "ಇರ್ಲಿ ಬಿಡು ಅಜ್ಜಿ. ನಂಗೂ ದಿನಾ ಹೀಗೇ ಆಗೋದು. ನಡಿ, ಮನೆಗೆ ಹೋಗೋಣ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಸಮಾಧಾನ ಮಾಡುತ್ತಿದ್ದಳು. ವಿಜಯಲಕ್ಷ್ಮಿ ಅಲ್ಲೇ ಸಿಮೆಂಟಿನ ಬೆಂಚಿನ ಮೇಲೆ ಸೆರಗಿನಿಂದ ಒರೆಸಿ ಕೂತಳು. ಕ್ಯಾರಿಯರ್ ಬಿಚ್ಚಿ, "ಕೈ ತೊಳಿ" ಎಂದು ತಂಬಿಗೆ ಬಗ್ಗಿಸಿದಳು.

"ಅಜ್ಜಿ, ಕತ್ತಲಾಯ್ತು."

"ನಂಗೆ ಕಣ್ಣು ಕಾಣುತ್ತೆ. ಕೈ ಹಿಡಿ."

"ನೀನು ಬಡಿಸಿದ್ರೂ ತಪ್ಪು ಅಂದಿದ್ದೆ. ನೋಡ್ತಾ ಕೂತ್ರೂ ತಪ್ಪು ಅಂದಿದ್ದೆ."

"ಹೌದು, ತಪ್ಪೇ."

"ಮತ್ತೆ?"

"ಅದು ನನ್ನ ಲೆಕ್ಕಕ್ಕೆ. ಅದನ್ನ ನಾನು ನೋಡ್ಕೊಳ್ತೀನಿ. ನೀನು ಉಣ್ಣು."

ರೊಟ್ಟಿಯ ಮೇಲೆ ಪಲ್ಯ ಇಟ್ಟು ಕೊಟ್ಟಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಬಸ್‌ಸ್ಟ್ಯಾಂಡಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಮುರಿದುಹೋಯಿತು. ದುಃಖವಾಯಿತು, ಸುಳ್ಳು ಯಾಕೆ ಹೇಳಬೇಕು? ಆದರೆ ಹುಡುಗಿ ಉಣ್ಣುತ್ತಿದ್ದಳು. ತಲೆ ಎತ್ತದೆ, ಕೆನ್ನೆ ಉಬ್ಬಿಸಿ, ಗಬಗಬ ಉಣ್ಣುತ್ತಿದ್ದಳು. ಭವ್ಯಾ ಬಂದು, "ಅಜ್ಜಿ, ನಂಗೆ?" ಎಂದು ಕೈ ಚಾಚಿದಳು. ಅವಳಿಗೂ ಒಂದು ರೊಟ್ಟಿ ಹೋಯಿತು.

"ನಿನ್ ಪಾಲು ಹಾಗೇ ಇದೆ" ಎಂದಳು ಜಿನಶ್ರೀ. "ಒಂದು ತುತ್ತು ತಿನ್ನು ಅಜ್ಜಿ."

"ನಾನಿನ್ನು ಬೆಳಿಗ್ಗೆಯೇ ಉಣ್ಣೋದು. ಅದೂ ಉಂಡುಬಿಡು ನೀನು."

ಬಸ್ಸಿನಲ್ಲಿ ಹಿಂದಿರುಗುವಾಗ ಅಜ್ಜಿಯ ಹೊಟ್ಟೆ ಗುರ್ ಎಂದಿತು. ಹುಡುಗಿಗೆ ನಗು ತಡೆಯಲಾಗಲಿಲ್ಲ, ಅಜ್ಜಿಗೂ ಬಂತು. ನಕ್ಕು ನಕ್ಕು ಹುಡುಗಿ ಅವಳ ಹೆಗಲ ಮೇಲೆ ಹಾಗೇ ನಿದ್ದೆಹೋದಳು. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಪಿಯುಸಿಗೆ ಸಾಗರವೋ ತೀರ್ಥಹಳ್ಳಿಯೋ, ಹಾಸ್ಟೆಲ್ಲು. ಈ ಹೆಗಲಿಗೆ ಈ ಭಾರ ಇನ್ನೆಷ್ಟು ದಿನವೋ ಎಂದು ವಿಜಯಲಕ್ಷ್ಮಿ ಅಲುಗಾಡದೆ ಕೂತಳು.

ಬೆಳಿಗ್ಗೆ ಎದ್ದು ಮಿಂದವಳೇ ಬಸದಿಗೆ ಹೋದಳು. ಮಾತಾಜಿ ಚಾತುರ್ಮಾಸ ಮುಗಿಸಿ ಹೊರಟುಹೋಗಿದ್ದರು, ಹೆಂಗಸರು ಇದ್ದರು. ಅಕ್ಷತೆ ಇಟ್ಟು ಕೈಮುಗಿದು, ತಿರುಗಿ ನಿಂತು, ಕೇಳುವಂತೆ ಹೇಳಿದಳು. "ನನ್ ಮೊಮ್ಮಗಳು ವ್ರತ ಹಿಡಿದಿರ್ಲಿಲ್ಲ. ಹಸಿದಿದ್ಲು, ಅಷ್ಟೇ. ನಿನ್ನೆ ಹೊತ್ತು ಮುಳುಗಿದ ಮೇಲೆ ನಾನೇ ಬಡಿಸಿದೀನಿ. ಇನ್ನೊಂದ್ಸಲ ಯಾರೂ ಅವಳನ್ನ ಹೊಗಳ್ಬೇಡಿ." ಉತ್ತರಕ್ಕೆ ನಿಲ್ಲದೆ ಮನೆಯ ದಾರಿ ಹಿಡಿದಳು.

ಮನೆಗೆ ಬಂದರೆ ಅಡುಗೆಮನೆಯ ಪಡುವಣ ಕಿಟಕಿ ಹಾಕಿತ್ತು. ಮೂಡಣ ಬಾಗಿಲು ತೆರೆದು, ಹೊಸ್ತಿಲ ಹತ್ತಿರ ಜಿನಶ್ರೀ ಎರಡು ಮಣೆ ಹಾಕಿದ್ದಳು. ಒಂದರ ಮೇಲೆ ಯೂನಿಫಾರ್ಮ್ ಹಾಕಿಕೊಂಡು ತಾನೇ ಕೂತಿದ್ದಳು. ಎದುರಿಗೆ ತಟ್ಟೆಯಲ್ಲಿ ರಾಗಿರೊಟ್ಟಿ ಆರುತ್ತಿತ್ತು. ಹೊರಗೆ ಇಬ್ಬನಿ ದಟ್ಟವಾಗಿ ಕವಿದಿತ್ತು, ಸೂರ್ಯನ ಸುಳಿವಿಲ್ಲ.

"ಇನ್ನೂ ಉಂಡಿಲ್ವೇನೆ? ಬಸ್ಸು ಬರೋ ಹೊತ್ತಾಯ್ತು!"

"ಇವತ್ತು ಮುಂದಿನ ಬಸ್ಸಿಗೆ ಹೋಗ್ತೀನಿ. ಟೀಚರಿಗೆ ಹೇಳಿದ್ರೆ ಬೈಯಲ್ಲ."

"ನೀನು ಉಣ್ಣು ಕೂಸೇ. ನಂಗೆ ಬಿಸಿಲು ಕಾಣದೆ ಬಾಯಿಗೆ ಹಾಕೋಹಾಗಿಲ್ಲ, ಅದೂ ನೇಮ."

"ಗೊತ್ತು. ಕೂತ್ಕೋ."

ವಿಜಯಲಕ್ಷ್ಮಿ ಕೂತಳು. ಮೊಣಕಾಲಿಗೆ ಮೊಣಕಾಲು ತಾಗಿತು. ರಸ್ತೆಯಲ್ಲಿ ಬಸ್ಸು ಹಾರ್ನ್ ಮಾಡಿತು, ಸ್ವಲ್ಪ ಕಾದು ಹೊರಟುಹೋಯಿತು. ಇಬ್ಬರೂ ಇಬ್ಬನಿಯನ್ನೇ ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಸಮತಾ ಅಂಗಳದಿಂದ ಕೂಗಿದಳು. "ಬಂತು ಅತ್ತೆ, ಬಿಸಿಲು ಬಂತು! ಕೈ ಹಾಕಿ ಇನ್ನು."

ಜಿನಶ್ರೀ ರೊಟ್ಟಿ ಮುರಿದು ಮೊದಲ ತುತ್ತನ್ನು ಅಜ್ಜಿಯ ಬಾಯಿಗೆ ಹಿಡಿದಳು. ತಣ್ಣಗಾಗಿ ಚರ್ಮದ ಹಾಗಾಗಿತ್ತು ರೊಟ್ಟಿ. ವಿಜಯಲಕ್ಷ್ಮಿ ಅಗಿದಳು, ಅಗಿಯುತ್ತಲೇ ಇದ್ದಳು. ಇಷ್ಟು ದಿನಗಳ ಮೇಲೆ ಅದು ಗಂಟಲಲ್ಲಿ ಇಳಿಯಿತು.